ಒಂದು ಮಿಲಿಗ್ರಾಂ ಅಂತ ಹೇಳಿದ್ದು ಯಾರು?

ಬರುವ ತಿಂಗಳು ನನಗೆ ಪರೀಕ್ಷೆ. ತಲೆಯಲ್ಲಿ ಬಿಳಿಕೂದಲು ಇಣುಕುವ ಹೊತ್ತಿನಲ್ಲಿ ಎಂಥ ಪರೀಕ್ಷೆ ಅಂತ ನಗಬೇಡಿ. ಎ.ಸಿ.ಎಲ್.ಎಸ್., ಅಂದರೆ ಅಡ್ವಾನ್ಸ್‌ಡ್ ಕಾರ್ಡಿಯಾಕ್ ಲೈಫ್ ಸಪೋರ್ಟ್. ಹೃದಯ ನಿಂತುಹೋದವರನ್ನು ವಾಪಸ್ ತರಲು ಆಸ್ಪತ್ರೆಯ ತಂಡ ಏನೇನು, ಯಾವ ಕ್ರಮದಲ್ಲಿ ಮಾಡಬೇಕು ಅನ್ನುವ ಕೋರ್ಸು. ಐಸಿಯು ನರ್ಸುಗಳಿಗೆ ಇದು ಹೆಚ್ಚುಕಮ್ಮಿ ಕಡ್ಡಾಯ, ಸರ್ಟಿಫಿಕೇಟಿನ ಆಯಸ್ಸು ಎರಡೇ ವರ್ಷ. 50 ಪ್ರಶ್ನೆಗಳ ಲಿಖಿತ ಪರೀಕ್ಷೆಯಲ್ಲಿ ಶೇ. 84 ಬಂದರೆ ಪಾಸು. ಅದರ ಜೊತೆ ಮೆಗಾಕೋಡ್ ಅಂತ ಒಂದು ನಾಟಕ ಬೇರೆ. ಬೊಂಬೆಯೊಂದನ್ನು ಮಲಗಿಸಿ ಅದರ ಹೃದಯ ನಿಂತಿದೆ ಅಂತ ಹೇಳುತ್ತಾರೆ, ನೀವು ತಂಡದ ನಾಯಕಿಯಾಗಿ ಅದನ್ನು ಉಳಿಸಬೇಕು.

ನಾನಿರುವುದು ರಾಮಮೂರ್ತಿ ನಗರದಲ್ಲಿ. ನಮ್ಮ ಮೇಲಿನ ಮನೆಯಲ್ಲಿ ನನ್ನದೇ ವಾರ್ಡಿನ ಕಿರಿಯ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಾಳೆ. ಅವಳಿಗೆ ಇದು ಮೊದಲ ಸಲ, ನನಗೆ ಎಷ್ಟನೆಯದೋ. ನೈಟ್ ಡ್ಯೂಟಿ ಇಲ್ಲದ ದಿನ ಇಬ್ಬರೂ ಕೂತು ಓದುತ್ತೇವೆ. ಮೊನ್ನೆ ಅವಳು ಕೇಳಿದಳು: "ಅಕ್ಕಾ, ಅಡ್ರಿನಲಿನ್ 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ ಅಂತಾರಲ್ಲ, ನಲವತ್ತು ಕೆಜಿ ಅಜ್ಜಿಗೂ ಒಂದೇ, ನೂರು ಕೆಜಿ ಅಂಕಲ್‌ಗೂ ಒಂದೇನಾ? ಯಾರು ಹೇಳಿದ್ದು ಇದನ್ನ?"

ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ಪರೀಕ್ಷೆಗೂ ಬೇಕಿಲ್ಲ. ಆದರೆ ಹುಳ ಬಿಟ್ಟ ಹಾಗಾಯಿತು ನೋಡಿ, ಓದಬೇಕಾದ್ದನ್ನು ಬಿಟ್ಟು ಹಳೆಯದನ್ನೆಲ್ಲ ಕೆದಕುತ್ತಾ ಕೂತೆ.

ಮೊದಲು ಒಂದು ಪದದ ತಕರಾರು. ಕನ್ನಡ ಪತ್ರಿಕೆಗಳಲ್ಲಿ ಹೃದಯಾಘಾತ ಮತ್ತು ಹೃದಯ ಸ್ತಂಭನ ಎರಡನ್ನೂ ಒಂದೇ ಅನ್ನುವ ಹಾಗೆ ಬರೆಯುತ್ತಾರೆ. ಎರಡೂ ಬೇರೆ ಬೇರೆ. ಹೃದಯಾಘಾತ ಅಂದರೆ ಹೃದಯದ ಸ್ನಾಯುವಿಗೇ ರಕ್ತ ಕೊಡುವ ಕೊಳವೆ ಕಟ್ಟಿಕೊಳ್ಳುವುದು. ಆಗ ಮನುಷ್ಯ ಎದೆ ಹಿಡಿದುಕೊಂಡು ಬೆವರುತ್ತಿರುತ್ತಾನೆ, ಆದರೆ ಮಾತಾಡುತ್ತಾನೆ. ಸ್ತಂಭನ ಅಂದರೆ ಪಂಪೇ ನಿಂತುಹೋಗುವುದು. ಮನುಷ್ಯ ಕುಸಿಯುತ್ತಾನೆ, ಕರೆದರೆ ಓಗೊಡುವುದಿಲ್ಲ, ಉಸಿರಿಲ್ಲ. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು, ಅದಕ್ಕೇ ಗೊಂದಲ. ನಮ್ಮ ಕೋರ್ಸಿನ ಕೇಂದ್ರ ಇರುವುದು ಎರಡನೆಯದರಲ್ಲಿ. ಆ ಹೊತ್ತಿನಲ್ಲಿ ಏನೂ ಮಾಡದೆ ಇದ್ದರೆ ನಾಲ್ಕಾರು ನಿಮಿಷದಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ.

ಪಂಪ್ ನಿಂತಾಗ ಮೊದಲು ನೋಡಬೇಕಾದ್ದು ಉಸಿರೋ, ಹೃದಯವೋ? ಈ ಜಗಳ ತುಂಬಾ ಹಳೆಯದು, ಮತ್ತು ಅದರ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ದಖ್ಖನ್ನಿನಲ್ಲೇ.

ಕ್ಲೋರೋಫಾರ್ಮ್ ಬಂದ ಹೊಸತು. 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ, ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೋದವಳು, ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷದಲ್ಲಿ ತೀರಿಕೊಂಡಳು. ಆಮೇಲೆ ಇಂಥ ಸಾವುಗಳು ಅಲ್ಲೊಂದು ಇಲ್ಲೊಂದು ಆಗುತ್ತಲೇ ಇದ್ದವು. ಲಂಡನ್ನಿನವರು ಹೃದಯ ನಿಲ್ಲುತ್ತದೆ, ನಾಡಿ ನೋಡಿ ಅಂದರು. ಎಡಿನ್‌ಬರೋದವರು ಉಸಿರು ಮೊದಲು ನಿಲ್ಲುತ್ತದೆ, ಉಸಿರು ನೋಡಿಕೊಂಡರೆ ಸಾಕು ಅಂದರು. ಎಡಿನ್‌ಬರೋ ಪಂಥದ ಎಡ್ವರ್ಡ್ ಲಾರಿ ಹೈದರಾಬಾದಿನಲ್ಲಿ ರೆಸಿಡೆನ್ಸಿ ಸರ್ಜನ್ ಆಗಿದ್ದರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಎಲ್ಲ ಆಗ ನಿಜಾಮರ ಸೀಮೆ. ಲಾರಿ 1888ರಲ್ಲಿ ನಿಜಾಮ್ ಸರ್ಕಾರದ ಬೆಂಬಲದಿಂದ ಒಂದು ಕ್ಲೋರೋಫಾರ್ಮ್ ಆಯೋಗವನ್ನೇ ಮಾಡಿ, ನಾಯಿಗಳ ಮೇಲೆ ಪ್ರಯೋಗ ನಡೆಸಿ, ಉಸಿರೇ ಮೊದಲು ನಿಲ್ಲುವುದು ಅಂತ ಘೋಷಿಸಿದರು. ಲ್ಯಾನ್ಸೆಟ್ ಪತ್ರಿಕೆ ನಂಬಲಿಲ್ಲ. ಆಗ ಆರನೇ ನಿಜಾಮ್ ಮೆಹಬೂಬ್ ಅಲಿ ಖಾನ್ 1000 ಪೌಂಡ್ ಕೊಟ್ಟು, ನೀವೇ ಒಬ್ಬರನ್ನು ಕಳಿಸಿ ಅಂದರು! ಲ್ಯಾನ್ಸೆಟ್ ಕಳಿಸಿದ ಲಾಡರ್ ಬ್ರಂಟನ್ 1889ರಲ್ಲಿ ಹೈದರಾಬಾದಿಗೆ ಬಂದು, ನೂರಾರು ಪ್ರಾಣಿಗಳ ಮೇಲೆ ಮತ್ತೆ ಪ್ರಯೋಗ ಮಾಡಿ, ಲಾರಿ ಹೇಳಿದ್ದೇ ಸರಿ ಅಂತ ಒಪ್ಪಿಕೊಂಡರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರಾದ ರೂಪಾ ಬಾಯಿ ಫರ್ದೂನ್‌ಜಿ ಕಲಿತದ್ದೂ ಇದೇ ಲಾರಿಯವರ ಹೈದರಾಬಾದ್ ವೈದ್ಯ ಶಾಲೆಯಲ್ಲಿ. ಇದು ಬೇರೆಯೇ ಒಂದು ಬರಹಕ್ಕೆ ವಸ್ತು, ಇರಲಿ.

ಅಷ್ಟೊಂದು ದುಡ್ಡು, ಅಷ್ಟೊಂದು ಪ್ರಾಣಿಗಳು. ಆದರೂ ಅರ್ಧವೇ ಸತ್ಯ ಸಿಕ್ಕಿದ್ದು. ಹೆಚ್ಚು ಕ್ಲೋರೋಫಾರ್ಮ್ ಕೊಟ್ಟರೆ ಉಸಿರು ಮೊದಲು ನಿಲ್ಲುವುದು ನಿಜ. ಆದರೆ 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ತೋರಿಸಿದ್ದು ಇನ್ನೊಂದು. ಕ್ಲೋರೋಫಾರ್ಮ್ ಕಡಿಮೆ ಇರುವಾಗ, ಅರೆಎಚ್ಚರದ ಸ್ಥಿತಿಯಲ್ಲಿ, ದೇಹದಲ್ಲಿ ಅಡ್ರಿನಲಿನ್ ಏರಿದರೆ ಹೃದಯ ಇದ್ದಕ್ಕಿದ್ದಂತೆ ಅಡ್ಡಾದಿಡ್ಡಿ ನಡುಗಿ ಕೆಲಸ ನಿಲ್ಲಿಸುತ್ತದೆ. ನಾವು ಈಗ ವಿ.ಎಫ್. ಅನ್ನುತ್ತೇವಲ್ಲ, ವೆಂಟ್ರಿಕ್ಯುಲರ್ ಫಿಬ್ರಿಲೇಷನ್, ಅದು. ಇಲ್ಲಿ ಹೃದಯ ಕೊಲ್ಲುವ ಪಾತ್ರದಲ್ಲಿ ಅಡ್ರಿನಲಿನ್ ಬಂತು ಅನ್ನುವುದನ್ನು ನೆನಪಿಡಿ. ಅರ್ಧ ಶತಮಾನ ಆದಮೇಲೆ ಅದೇ ಬದುಕಿಸುವ ಪಾತ್ರದಲ್ಲಿ ವಾಪಸ್ ಬರುತ್ತದೆ.

ನಡುಗುವ ಹೃದಯವನ್ನು ಸರಿಮಾಡುವ ದಾರಿ ಸಿಕ್ಕಿದ್ದು ಮಾತ್ರ ಆಸ್ಪತ್ರೆಗಿಂತ ಹೆಚ್ಚಾಗಿ ಕರೆಂಟು ಕಂಬದಿಂದ ಅನ್ನಬೇಕು. 1899ರಲ್ಲೇ ಜಿನೀವಾದ ಪ್ರೆವೋ ಮತ್ತು ಬಟೆಲ್ಲಿ ಅನ್ನುವವರು ಸಣ್ಣ ಕರೆಂಟಿನಿಂದ ನಾಯಿಯ ಹೃದಯ ನಡುಗಲು ಶುರುಮಾಡುತ್ತದೆ, ದೊಡ್ಡ ಕರೆಂಟು ಕೊಟ್ಟರೆ ನಡುಕ ನಿಲ್ಲುತ್ತದೆ ಅಂತ ಕಂಡಿದ್ದರು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಊರೂರಿಗೆ ವಿದ್ಯುತ್ ಬಂತು. ನಮ್ಮಲ್ಲೂ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ವಿದ್ಯುತ್ ಬಂದಲ್ಲೆಲ್ಲ ಲೈನ್‌ಮನ್‌ಗಳು ಸಾಯತೊಡಗಿದರು. ಅಮೆರಿಕದ ವಿದ್ಯುತ್ ಕಂಪನಿಗಳು ಇದಕ್ಕೆ ಪರಿಹಾರ ಹುಡುಕಲು ದುಡ್ಡು ಕೊಟ್ಟವು. ಹಾಗೆ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಕೆಲಸಕ್ಕೆ ಇಳಿದವರು ವಿಲಿಯಂ ಕೌವೆನ್‌ಹೋವೆನ್, ಡಾಕ್ಟರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್.

ಮೊದಲು ಮನುಷ್ಯನ ಮೇಲೆ ಯಶಸ್ವಿಯಾದದ್ದು ಬೇರೆಯವರಿಗೆ. 1947ರಲ್ಲಿ ಕ್ಲೀವ್‌ಲ್ಯಾಂಡಿನ ಕ್ಲಾಡ್ ಬೆಕ್ ಒಬ್ಬ 14 ವರ್ಷದ ಹುಡುಗನ ತೆರೆದ ಎದೆಯೊಳಗೆ ನೇರ ಹೃದಯಕ್ಕೇ ಶಾಕ್ ಕೊಟ್ಟು ಉಳಿಸಿದರು. 1956ರಲ್ಲಿ ಪಾಲ್ ಜೋಲ್ ಎದೆ ತೆರೆಯದೆ ಹೊರಗಿನಿಂದ ಕೊಟ್ಟರು. ಆದರೆ ಶಾಕ್ ಕೊಡುವ ಯಂತ್ರ ಬರುವವರೆಗೆ ಏನು ಮಾಡುವುದು? ಎದೆ ಕೊಯ್ದು ಕೈ ಹಾಕಿ ಹಿಸುಕಬೇಕಿತ್ತು, ಅಷ್ಟೇ.

1958ರಲ್ಲಿ ಕೌವೆನ್‌ಹೋವೆನ್ ಅವರ ಶಿಷ್ಯ ಗೈ ನಿಕ್ಕರ್‌ಬಾಕರ್ ಒಂದು ಸಣ್ಣ ವಿಷಯ ಗಮನಿಸಿದ. ನಾಯಿಯ ಎದೆಯ ಮೇಲೆ ಭಾರದ ಪ್ಯಾಡಲ್‌ಗಳನ್ನು ಒತ್ತಿದಾಗ, ಶಾಕ್ ಕೊಡುವ ಮೊದಲೇ, ರಕ್ತದೊತ್ತಡದ ಗೆರೆ ಚೂರು ಮೇಲೇಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಯಂತ್ರದ ದೋಷ ಅಂತ ಬಿಟ್ಟುಬಿಡುತ್ತಿದ್ದರೇನೋ. ಅವನು ಬಿಡಲಿಲ್ಲ. ಬರೀ ಒತ್ತಿದರೆ? ಮತ್ತೆ ಮತ್ತೆ ಒತ್ತಿದರೆ? ಸರ್ಜನ್ ಜೇಮ್ಸ್ ಜೂಡ್ ಜೊತೆ ಸೇರಿ 1960ರ ಜುಲೈನಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ 20 ರೋಗಿಗಳ ಲೆಕ್ಕ ಇದೆ. ಅವರಲ್ಲಿ 14 ಜನ ಬದುಕಿದರು. ಎದೆ ಕೊಯ್ಯುವುದು ಬೇಡ, ಎರಡು ಕೈ ಇದ್ದರೆ ಸಾಕು ಅನ್ನುವುದು ಅದರ ಸಾರ. ನನ್ನ ಮಟ್ಟಿಗೆ ವೈದ್ಯಕೀಯದಲ್ಲಿ ಇಷ್ಟು ಅಗ್ಗದ, ಇಷ್ಟು ದೊಡ್ಡ ಸಂಶೋಧನೆ ಇನ್ನೊಂದಿಲ್ಲ.

ಅದೇ ಊರಿನಲ್ಲಿ ಪೀಟರ್ ಸಾಫರ್ ಉಸಿರಿನ ಹಿಂದೆ ಬಿದ್ದಿದ್ದರು. ಅವರ ಪ್ರಯೋಗ ಕೇಳಿದರೆ ಮೈ ಜುಂ ಅನ್ನುತ್ತದೆ. ಸ್ವಯಂಸೇವಕರಾಗಿ ಬಂದ ಡಾಕ್ಟರುಗಳಿಗೆ, ವಿದ್ಯಾರ್ಥಿಗಳಿಗೆ ಕ್ಯುರಾರೆ ಕೊಟ್ಟು ಉಸಿರಾಟದ ಸ್ನಾಯುಗಳನ್ನೇ ನಿಷ್ಕ್ರಿಯ ಮಾಡಿ, ಸಾಮಾನ್ಯ ಜನರಿಂದ ಬಾಯಿಗೆ ಬಾಯಿಟ್ಟು ಉಸಿರು ಊದಿಸಿ, ಇದು ಕೆಲಸ ಮಾಡುತ್ತದೆ ಅಂತ ಸಾಬೀತು ಮಾಡಿದರು. ಇಂಥ ಪ್ರಯೋಗಕ್ಕೆ ಇವತ್ತು ಯಾವ ಎಥಿಕ್ಸ್ ಕಮಿಟಿಯೂ ಸಹಿ ಹಾಕಲಿಕ್ಕಿಲ್ಲ. ನಾರ್ವೆಯ ಬೊಂಬೆ ತಯಾರಕ ಆಸ್ಮಂಡ್ ಲೇರ್ಡಲ್ 1960ರಲ್ಲಿ ಅಭ್ಯಾಸಕ್ಕೆಂದು ಬೊಂಬೆ ಮಾಡಿಕೊಟ್ಟರು. ಅದರ ಮುಖ ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಸಿಕ್ಕಳೆನ್ನುವ ಅನಾಮಿಕ ಹುಡುಗಿಯೊಬ್ಬಳ ಮುಖವಾಡದಿಂದ ತೆಗೆದದ್ದು. ಬೇಸಿಕ್ ತರಗತಿಯಲ್ಲಿ ನಾವೆಲ್ಲ ಸ್ಪಿರಿಟ್ ಹಚ್ಚಿ ಒರೆಸಿ ಊದುವ ಆ ಮುಖ.

ಏರ್‌ವೇ, ಬ್ರೀದಿಂಗ್, ಸರ್ಕ್ಯುಲೇಷನ್ ಅನ್ನುವ ಎ-ಬಿ-ಸಿ ಕ್ರಮ ಸಾಫರ್ ಅವರದ್ದು. ಹೈದರಾಬಾದಿನ ಲಾರಿ ನೋಡಿದ್ದರೆ ಖುಷಿಪಡುತ್ತಿದ್ದರು, ಉಸಿರೇ ಮೊದಲು! ಸುಮಾರು ಐವತ್ತು ವರ್ಷ ಜಗತ್ತೆಲ್ಲ ಅದನ್ನೇ ಬಾಯಿಪಾಠ ಮಾಡಿತು. ನಾನೂ 2008ರಲ್ಲಿ ಮೊದಲ ಸಲ ಪಾಸಾದಾಗ ಎ-ಬಿ-ಸಿ ಅಂತಲೇ ಬರೆದದ್ದು. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದನ್ನು ಸಿ-ಎ-ಬಿ ಮಾಡಿತು. ದೊಡ್ಡವರಲ್ಲಿ ಹೃದಯ ದಿಢೀರನೆ ನಿಂತಾಗ ರಕ್ತದಲ್ಲಿ ಇನ್ನೂ ಆಮ್ಲಜನಕ ಇರುತ್ತದೆ, ಅದನ್ನು ಮೆದುಳಿಗೆ ಸಾಗಿಸುವುದು ತುರ್ತು, ಬಾಯಿ ತೆರೆಸಿ ಉಸಿರು ಊದುವ ಗಡಿಬಿಡಿಯಲ್ಲಿ ಒತ್ತುವುದು ತಡವಾಗುತ್ತದೆ ಅನ್ನುವುದು ಕಾರಣ. ನೀರಿನಲ್ಲಿ ಮುಳುಗಿದವರಿಗೆ, ಮಕ್ಕಳಿಗೆ ಉಸಿರು ಈಗಲೂ ಬಹಳ ಮುಖ್ಯ. ಅಂದರೆ ಲಾರಿಯವರದ್ದು ಪೂರಾ ಸುಳ್ಳೂ ಅಲ್ಲ.

ಎ.ಸಿ.ಎಲ್.ಎಸ್. ಅನ್ನುವ ಕೋರ್ಸು ರೂಪುಗೊಂಡದ್ದು 1970ರ ದಶಕದಲ್ಲಿ. ಅಮೆರಿಕದ ನೆಬ್ರಾಸ್ಕದ ಹೃದಯ ಸರ್ಜನ್ ಸ್ಟೀಫನ್ ಕಾರ್ವೆತ್ ಅದರ ಹಿಂದಿದ್ದವರಲ್ಲಿ ಪ್ರಮುಖರು. 1974ರಲ್ಲಿ ಮೊದಲ ರಾಷ್ಟ್ರೀಯ ಮಾನದಂಡ ಬಂತು. ಆಮೇಲೆ 1980, 1986, 1992, 2000, ಅಲ್ಲಿಂದ ಐದೈದು ವರ್ಷಕ್ಕೆ. ಈ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ತಮಾಷೆ ಕಾಣುತ್ತದೆ. ತಮಾಷೆ ಅನ್ನಬಾರದೇನೋ. ಹಲವು ಸಲ ಪಟ್ಟಿಯಿಂದ ಏನಾದರೊಂದು ಬಿದ್ದುಹೋಗಿದೆ. ಮೊದಮೊದಲು ಎಲ್ಲರಿಗೂ ಕೊಡುತ್ತಿದ್ದ ಸೋಡಿಯಂ ಬೈಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ 1986ರ ಹೊತ್ತಿಗೆ ಹಿಂದೆ ಸರಿದವು. 2005ರಲ್ಲಿ ಸಾಲಾಗಿ ಮೂರು ಶಾಕ್ ಕೊಡುವುದು ಹೋಗಿ ಒಂದೇ ಆಯಿತು, ಏಕೆಂದರೆ ಮೂರು ಕೊಡುವಷ್ಟು ಹೊತ್ತು ಎದೆ ಒತ್ತುವುದು ನಿಲ್ಲುತ್ತಿತ್ತು. ಅದೇ ವರ್ಷ 15ಕ್ಕೆ 2 ಇದ್ದ ಲೆಕ್ಕ 30ಕ್ಕೆ 2 ಆಯಿತು. 2010ರಲ್ಲಿ ಗೆರೆ ಚಪ್ಪಟೆಯಾದವರಿಗೆ ಕೊಡುತ್ತಿದ್ದ ಆಟ್ರೋಪಿನ್ ಹೋಯಿತು. 2015ರಲ್ಲಿ ವಾಸೊಪ್ರೆಸಿನ್ ಹೋಯಿತು. 2008ರಲ್ಲಿ ನನಗೆ ಅಂಕ ತಂದುಕೊಟ್ಟ ಉತ್ತರವನ್ನೇ ಮೇಲಿನ ಮನೆಯ ಹುಡುಗಿ ಈಗ ಬರೆದರೆ ಅಂಕ ಕಳೆಯುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಮತ್ತೆ ಹೊಸ ಮಾರ್ಗಸೂಚಿ ಬಂದಿದೆ.

ಇಷ್ಟೆಲ್ಲ ಬಿದ್ದುಹೋಗುವಾಗಲೂ ಬೀಳದೆ ನಿಂತದ್ದು ಅಡ್ರಿನಲಿನ್. ಈಗ ಅವಳ ಪ್ರಶ್ನೆಗೆ ಬರೋಣ.

1906ರಲ್ಲೇ ಜಾರ್ಜ್ ಕ್ರೈಲ್ ಮತ್ತು ಡಾಲಿ ಅನ್ನುವವರು ಉಸಿರು, ಹೃದಯ ನಿಂತ ನಾಯಿಗಳನ್ನು ಅಡ್ರಿನಲಿನ್ ಕೊಟ್ಟು ಎಬ್ಬಿಸಿದ್ದರು. 1960ರ ದಶಕದ ಆರಂಭದಲ್ಲಿ ರೆಡ್ಡಿಂಗ್ ಮತ್ತು ಪಿಯರ್ಸನ್ ಮತ್ತೆ ನಾಯಿಗಳ ಮೇಲೆ ಯಾವ ಔಷಧಿ ಪರವಾಗಿಲ್ಲ ಅಂತ ನೋಡಿದರು. ಅವರು ಕೊಟ್ಟ ಪ್ರಮಾಣ 1 ಮಿಲಿಗ್ರಾಂ. ನಾಯಿಗಳ ತೂಕ ಸುಮಾರು 10 ಕೆಜಿ. ಆಪರೇಷನ್ ಥಿಯೇಟರುಗಳಲ್ಲಿ ಸರ್ಜನ್‌ಗಳು ಆಗ ನೇರ ಹೃದಯಕ್ಕೆ ಚುಚ್ಚುತ್ತಿದ್ದದ್ದೂ ಹೆಚ್ಚುಕಮ್ಮಿ ಅಷ್ಟೇ. ಹಳೇ ಸಿನಿಮಾಗಳಲ್ಲಿ ಉದ್ದ ಸೂಜಿ ಎದೆಗೆ ಚುಚ್ಚುವ ದೃಶ್ಯ ನೆನಪಿದೆಯಲ್ಲ, ಅದೇ. ಆ 1 ಮಿಲಿಗ್ರಾಂ ಹಾಗೇ ಮನುಷ್ಯರ ರಕ್ತನಾಳಕ್ಕೂ ಬಂತು, ಪುಸ್ತಕಕ್ಕೂ ಬಂತು. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ಹೆಚ್ಚು ಕೊಡಬೇಕಲ್ಲವೇ ಅಂತ ಕೆಲವರಿಗೆ ಹೊಳೆಯಿತು. ಹೆಚ್ಚು ಪ್ರಮಾಣ ಕೊಟ್ಟು ನೋಡಿದ ಎರಡು ದೊಡ್ಡ ಅಧ್ಯಯನಗಳು 1992ರಲ್ಲಿ ಪ್ರಕಟವಾದವು. ಲಾಭ ಕಾಣಲಿಲ್ಲ.

ಹಾಗಾದರೆ 1 ಮಿಲಿಗ್ರಾಂನಿಂದ ಲಾಭ ಇದೆಯೇ? ಇದನ್ನು ಸರಿಯಾಗಿ, ಒಂದು ಗುಂಪಿಗೆ ಅಡ್ರಿನಲಿನ್, ಇನ್ನೊಂದಕ್ಕೆ ಬರೀ ಸಲೈನ್ ಕೊಟ್ಟು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ ಫಲಿತಾಂಶ ಬಂದದ್ದು 2018ರಲ್ಲಿ. ಬ್ರಿಟನ್ನಿನ ಪ್ಯಾರಾಮೆಡಿಕ್-2 ಅಧ್ಯಯನ, ಆಸ್ಪತ್ರೆಯ ಹೊರಗೆ ಹೃದಯ ನಿಂತ 8014 ಜನ. 30 ದಿನದ ನಂತರ ಬದುಕಿದ್ದವರು ಅಡ್ರಿನಲಿನ್ ಗುಂಪಿನಲ್ಲಿ ಶೇ. 3.2, ಸಲೈನ್ ಗುಂಪಿನಲ್ಲಿ ಶೇ. 2.4. ಸರಿ, ಲಾಭ ಇದೆ. ಆದರೆ ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಮೆದುಳು ನೆಟ್ಟಗಿದ್ದವರ ಪ್ರಮಾಣದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ, ಶೇ. 2.2 ಮತ್ತು 1.9. ಬದುಕಿದವರಲ್ಲಿ ಮೆದುಳಿಗೆ ತೀವ್ರ ಹಾನಿಯಾದವರು ಅಡ್ರಿನಲಿನ್ ಗುಂಪಿನಲ್ಲಿ ಶೇ. 31, ಇನ್ನೊಂದರಲ್ಲಿ ಶೇ. 17.8. ಹೃದಯ ವಾಪಸ್ ಬಂದು ಮನುಷ್ಯ ಬರದೆ ಇರುವುದು ಅಂದರೆ ಏನು ಅಂತ ಐಸಿಯುನಲ್ಲಿ ಕೆಲಸ ಮಾಡುವವರಿಗೆ ಗೊತ್ತು. ವೆಂಟಿಲೇಟರ್ ಪಕ್ಕ ನಿಂತು "ಸಿಸ್ಟರ್, ಕಣ್ಣು ಬಿಡ್ತಾರಾ?" ಅಂತ ದಿನಾ ಕೇಳುವ ಹೆಂಡತಿಗೆ ಏನು ಹೇಳುವುದು?

ಅದೇ ಲೇಖನದಲ್ಲಿ ಇನ್ನೊಂದು ಲೆಕ್ಕ ಇದೆ. ನನಗೆ ಇಡೀ ಓದಿನಲ್ಲಿ ಕುಟುಕಿದ್ದು ಅದೇ. ಒಬ್ಬರು ಹೆಚ್ಚುವರಿ ಬದುಕಬೇಕಾದರೆ ಎಷ್ಟು ಜನರಿಗೆ ಅಡ್ರಿನಲಿನ್ ಕೊಡಬೇಕು? 112. ಪಕ್ಕದಲ್ಲಿದ್ದವರು ಎದೆ ಒತ್ತಲು ಶುರುಮಾಡಿದರೆ ಆ ಸಂಖ್ಯೆ 15. ಹೃದಯ ನಿಂತಿದೆ ಅಂತ ಬೇಗ ಗುರುತಿಸಿದರೆ 11. ಬೇಗ ಶಾಕ್ ಸಿಕ್ಕರೆ 5. ನಾವು ಬಾಯಿಪಾಠ ಮಾಡುವ ಔಷಧಿ 112ರಲ್ಲಿದೆ. ಉಳಿದ ಮೂರೂ ನಾವು ತಲುಪುವ ಮೊದಲು ಬೀದಿಯಲ್ಲಿ, ಮನೆಯಲ್ಲಿ ಆಗಬೇಕಾದವು.

ಬೆಲ್‌ಫಾಸ್ಟಿನ ಫ್ರಾಂಕ್ ಪ್ಯಾಂಟ್ರಿಡ್ಜ್ ಇದನ್ನು 1966ರಲ್ಲೇ ಕಂಡುಕೊಂಡಿದ್ದರು. ರೋಗಿ ಶಾಕ್ ಇರುವಲ್ಲಿಗೆ ಬರುವ ಬದಲು ಶಾಕೇ ರೋಗಿಯ ಬಳಿ ಹೋಗಲಿ ಅಂತ, ಕಾರ್ ಬ್ಯಾಟರಿಯಿಂದ ನಡೆಯುವ ಸುಮಾರು 70 ಕೆಜಿ ಯಂತ್ರವನ್ನು ಆಂಬುಲೆನ್ಸಿಗೆ ಹಾಕಿಸಿದರು. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರ ನವೆಂಬರ್‌ನಲ್ಲಿ. ಶಾಕ್ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ ಅಂತ ನಮ್ಮ ಪುಸ್ತಕ ಹೇಳುತ್ತದೆ. ಸಂಜೆ ಏಳಕ್ಕೆ ಟಿನ್ ಫ್ಯಾಕ್ಟರಿಯಿಂದ ರಾಮಮೂರ್ತಿ ನಗರಕ್ಕೆ ಬಂದು ನೋಡಿದವರು ಉಳಿದ ಲೆಕ್ಕ ತಾವೇ ಹಾಕಿಕೊಳ್ಳಬಹುದು. ಸೈರನ್ ಕೇಳಿದರೆ ಜನ ಜಾಗ ಬಿಡುತ್ತಾರೆ ಪಾಪ, ಬಿಡಲು ಜಾಗ ಇರಬೇಕಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರಿಗೆ 46. ಆ ವಾರ ಹೃದಯ ತಪಾಸಣೆಗೆ ಜನ ಮುಗಿಬಿದ್ದದ್ದು ನಿಮಗೂ ನೆನಪಿರುತ್ತದೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ ಎರಡು ಮುಖ್ಯ ಕೆಲಸಗಳಿವೆ. ತಾಲ್ಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡುವುದು ಒಂದು, ಅದು ಹೃದಯಾಘಾತಕ್ಕೆ. ಎ.ಇ.ಡಿ. ಅನ್ನುವ, ಯಾರು ಬೇಕಾದರೂ ಬಳಸಬಹುದಾದ ಶಾಕ್ ಯಂತ್ರಗಳನ್ನು ಇಡುವುದು ಇನ್ನೊಂದು, ಅದು ಸ್ತಂಭನಕ್ಕೆ. ಪತ್ರಿಕೆಗಳು ಎರಡನ್ನೂ ಬೆರೆಸಿದರೂ ಯೋಜನೆಯಲ್ಲಿ ಎರಡಕ್ಕೂ ಬೇರೆ ಬೇರೆ ಮದ್ದು ಇದೆ.

ಇನ್ನೊಂದು ದೇಸಿ ಸಂಗತಿ. 2017ರಲ್ಲಿ ನಮ್ಮ ದೇಶದ ಅರಿವಳಿಕೆ ತಜ್ಞರು ಸೇರಿ ಭಾರತಕ್ಕೆಂದೇ ಮಾರ್ಗಸೂಚಿ ಬರೆದರು. ಆಸ್ಪತ್ರೆಯೊಳಗೆ ನಾವು ಕಲಿಯುವಂಥದ್ದಕ್ಕೆ ಅವರದ್ದೇ ಒಂದು ಕೋರ್ಸು ಇದೆ. ಆದರೆ ನನಗೆ ಇಷ್ಟವಾದದ್ದು ಜನಸಾಮಾನ್ಯರಿಗೆ ಮಾಡಿದ ಸಿ.ಒ.ಎಲ್.ಎಸ್. ಅದರಲ್ಲಿ ಬಾಯಿಗೆ ಬಾಯಿ ಇಡುವುದೇ ಇಲ್ಲ. ಗುರುತಿಸಿ, ಆಂಬುಲೆನ್ಸಿಗೆ ಫೋನ್ ಮಾಡಿ, ಎದೆಯ ಮಧ್ಯೆ ಒತ್ತುತ್ತಾ ಇರಿ, ಆಸ್ಪತ್ರೆಗೆ ಸಾಗಿಸಿ, ಅಷ್ಟೇ. ಪರಿಚಯ ಇಲ್ಲದವರ ಬಾಯಿಗೆ ಬಾಯಿ ಇಡಲು ನಮ್ಮಲ್ಲಿ ಎಷ್ಟು ಜನ ಮುಂದೆ ಬಂದಾರು? ಅದನ್ನು ಒಪ್ಪಿಕೊಂಡೇ ಬರೆದ ನಿಯಮ ಅಂತ ನನಗನ್ನಿಸುತ್ತದೆ. ಪೊಲೀಸ್ ಕೇಸು, ಕೋರ್ಟು ಅಂತ ಹೆದರುವವರಿಗೆ ಕರ್ನಾಟಕದ್ದೇ ಒಂದು ಕಾಯ್ದೆ ಇದೆ, ತುರ್ತಿನಲ್ಲಿ ನೆರವಾದವರನ್ನು ಕಾಪಾಡಲು 2016ರಲ್ಲಿ ಮಾಡಿದ್ದು. ಇದು ಗೊತ್ತಿರುವವರು ನಮ್ಮ ರಸ್ತೆಯಲ್ಲಿ ನನಗೆ ಇನ್ನೂ ಸಿಕ್ಕಿಲ್ಲ.

ಹುಡುಗಿಗೆ ಇದನ್ನೆಲ್ಲ ಹೇಳಿದೆ. "ಹತ್ತು ಕೆಜಿ ನಾಯಿನಾ ಅಕ್ಕಾ!" ಅಂತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಪರೀಕ್ಷೆಲಿ ಏನು ಬರೀಲಿ?" ಅಂದಳು. 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ ಅಂತಲೇ ಬರಿ ಅಂದೆ. ಪರೀಕ್ಷೆ ಮುಗಿದ ಮೇಲಿನ ಭಾನುವಾರ ನಮ್ಮ ಬೀದಿ ಕೊನೆಯ ಆಟೋ ಸ್ಟ್ಯಾಂಡಿನವರಿಗೆ ಎದೆ ಒತ್ತುವುದನ್ನು ಹೇಳಿಕೊಡೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ. ಬೊಂಬೆ ಬಾಡಿಗೆಗೆ ಸಿಗುತ್ತಾ ಅಂತ ವಿಚಾರಿಸಬೇಕು, ಸಿಗದಿದ್ದರೆ ಗಟ್ಟಿ ದಿಂಬು ಇದೆ.